ತುರ್ಮುಸ್ ಬೆರೆಸಿದ ಹಿಟ್ಟು

ಹಿಟ್ಟು ಬಿಡಿ ಎಂದು ನನಗೆ ಹೇಳಿದವರು ಚಾಮರಾಜನಗರದ ಡಾಕ್ಟರು. ನಮ್ಮ ಕಡೆ ಮುದ್ದೆಗೆ ಹಿಟ್ಟು ಎಂದೇ ಅನ್ನುವುದು. ರಿಪೋರ್ಟಿನಿಂದ ತಲೆ ಎತ್ತದೆ, "ಶುಗರ್ ಜಾಸ್ತಿ ಇದೆ. ಅನ್ನ, ಮುದ್ದೆ ಬಿಟ್ಟು ಚಪಾತಿ ತಿನ್ನಿ" ಅಂದರು. ಮಾತ್ರೆ ಬರೆದುಕೊಟ್ಟರು. ಮಾತ್ರೆಯ ಮೇಲೆ ನನಗೆ ತಕರಾರಿಲ್ಲ, ಇವತ್ತಿಗೂ ಹೊತ್ತಿಗೆ ಸರಿಯಾಗಿ ನುಂಗುತ್ತೇನೆ. ಚಪಾತಿಯ ಮೇಲಿತ್ತು ತಕರಾರು. ನುಂಗಿ ಕಲಿತ ಗಂಟಲು ನನ್ನದು, ಕೂತು ಅಗಿಯುವುದಕ್ಕೆ ತಾಳ್ಮೆ ಎಲ್ಲಿಂದ ತರಲಿ?

ಅಷ್ಟೇ ಆಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಆವತ್ತು ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ಸೊಸೆ ಎಲ್ಲರ ತಟ್ಟೆಯನ್ನೂ ನಡುಮನೆಯಲ್ಲಿ ಸಾಲಾಗಿ ಇಟ್ಟು, ನನ್ನ ತಟ್ಟೆಯನ್ನು ಮಾತ್ರ ಅಡುಗೆಮನೆ ಬಾಗಿಲ ಹತ್ತಿರ ಇಟ್ಟಳು. "ನಿಮ್ದು ಬ್ಯಾರೆ ಊಟ ಅಲ್ವಾ ಅತ್ತೆ" ಅಂದಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನನ್ನ ಗಂಡ ಅದಕ್ಕೊಂದು ಒಗ್ಗರಣೆ ಹಾಕಿದರು: "ಕಣ್ಮುಂದ ಹಿಟ್ಟು ಕಂಡ್ರ ಆಸ ಆಯ್ತದ. ಅಲ್ಲೇ ಕೂತ್ಕ ಬುಡು."

ನನ್ನ ತವರು ಹರದನಹಳ್ಳಿಯಲ್ಲಿ ಅವ್ವನಿಗೂ ಹೀಗೇ ಶುರುವಾಗಿತ್ತು. ಸಕ್ಕರೆ ಕಾಯಿಲೆ ಎಂದು ತಿಳಿದ ಮೇಲೆ ಅವಳ ಊಟ ಮೊದಲು ಬೇರೆ ಮೂಲೆಗೆ ಹೋಯಿತು, ಆಮೇಲೆ ಬೇರೆ ಹೊತ್ತಿಗೆ, ಕೊನೆಗೆ ಜಗಲಿಗೆ. ನಮ್ಮಂಥ ಮನೆಗಳಲ್ಲಿ ಮಾತುಕತೆಯೆಲ್ಲ ನಡೆಯುವುದು ಊಟದ ಸಾಲಿನಲ್ಲೇ. ಹೊಲಕ್ಕೆ ಏನು ಹಾಕುವುದು, ಹುಡುಗಿಯನ್ನು ಯಾವ ಊರಿಗೆ ಕೊಡುವುದು, ಎಲ್ಲವೂ ಅಲ್ಲೇ ತೀರ್ಮಾನವಾಗುತ್ತದೆ. ಬರಬರುತ್ತಾ ಅವ್ವನನ್ನು ಒಂದು ಮಾತು ಕೇಳುವುದೇ ಎಲ್ಲರಿಗೂ ಮರೆತುಹೋಯಿತು. ಉಸಿರು ನಿಲ್ಲುವ ಎಷ್ಟೋ ಮೊದಲೇ ಅವಳು ಆ ಮನೆಯಲ್ಲಿ ಇಲ್ಲವಾಗಿದ್ದಳು. ನನಗೆ ಹಾಗಾಗಕೂಡದು ಎಂದು ಬಾಗಿಲ ಹತ್ತಿರ ಕೂತು ಚಪಾತಿ ಹರಿಯುತ್ತಾ ಹಲ್ಲು ಕಚ್ಚಿದೆ. ಶುಗರ್ರೂ ಇಳಿಯಬೇಕು, ನಾನು ಸಾಲಿನಲ್ಲಿ ಕೂತು ಹಿಟ್ಟೂ ಉಣ್ಣಬೇಕು.

ದಾರಿ ತೋರಿಸಿದವರು ಪಕ್ಕದ ಮನೆಯವರು. ನಾನು ಅವರನ್ನು ಆಪಾ ಅನ್ನುತ್ತೇನೆ, ಅವರು ನನ್ನನ್ನು ಅಕ್ಕಾ ಅನ್ನುತ್ತಾರೆ. ಅವರ ತಮ್ಮ ಗಲ್ಫಿನಿಂದ ರಜಕ್ಕೆ ಬಂದಾಗ ಒಂದು ಚೀಲ ಹಳದಿ ಕಾಳು ತಂದಿದ್ದ. ನಮ್ಮ ಅವರೆಗಿಂತ ಅಗಲ, ಅಂಗಿ ಗುಂಡಿಯ ಹಾಗೆ ಚಪ್ಪಟೆ. ಅಲ್ಲಿ ಅದನ್ನು ತುರ್ಮುಸ್ ಅನ್ನುತ್ತಾರಂತೆ, ಇಂಗ್ಲಿಷಿನಲ್ಲಿ ಲೂಪಿನ್. ಪ್ರೋಟೀನ್ ಹೆಚ್ಚು, ಪಿಷ್ಟ ಕಡಿಮೆ, ಶುಗರ್ ಇದ್ದವರು ಅಲ್ಲಿ ಗೋಧಿ ಬದಲು ಇದರ ಹಿಟ್ಟು ಬಳಸುತ್ತಾರೆ ಎಂದು ಅವನು ವಿವರಿಸಿದ. ಆಪಾ ಒಂದು ಡಬ್ಬ ತುಂಬಿ ಕೊಟ್ಟು, "ಬೇಯಿಸಿದ ನೀರು ಚೆಲ್ಲಿಬಿಡಿ ಅಕ್ಕಾ. ಆಮೇಲೂ ದಿನಾ ನೀರು ಬದಲಾಯಿಸಿ ನೆನೆಸಬೇಕು" ಎಂದು ಎರಡೆರಡು ಸಲ ಹೇಳಿದರು.

ಕಾಳು ಬೇಯಿಸಿದ ನೀರನ್ನು ಚೆಲ್ಲುವುದು! ಹುರುಳಿಯದಾಗಲಿ, ಅಲಸಂದೆಯದಾಗಲಿ, ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿ ಬಸ್ಸಾರು ಮಾಡಿಕೊಂಡು ಬಂದ ಕೈ ಇದು. ಕಟ್ಟು ಚೆಲ್ಲುವ ಹೆಂಗಸನ್ನು ನಮ್ಮ ಕಡೆ ಮನೆ ಹಾಳು ಮಾಡುವವಳ ಹಾಗೆ ನೋಡುತ್ತಾರೆ. ಗಲ್ಫಿನವರಿಗೆ ಬಸ್ಸಾರು ಗೊತ್ತಿಲ್ಲ, ಅದಕ್ಕೇ ಚೆಲ್ಲುತ್ತಾರೆ, ಪಾಪ, ಅಂದುಕೊಂಡೆ. ಕಾಳು ಬೇಯಿಸಿ, ಬಸಿದ ಕಟ್ಟಿಗೆ ಬೆಳ್ಳುಳ್ಳಿ, ಜೀರಿಗೆ, ಕಾಯಿ ಎಲ್ಲ ಹಾಕಿ ಘಮಘಮ ಅನ್ನುವ ಹಾಗೆ ಒಗ್ಗರಣೆ ಕೊಟ್ಟೆ. ನನ್ನ ಗಂಡ ಮೊದಲ ತುತ್ತು ಬಾಯಿಗಿಟ್ಟವರು ಬಚ್ಚಲಿಗೆ ಓಡಿದರು. "ಏನಮ್ಮಿ, ಬೇವಿನ್ ಮರನೇ ಬೇಯ್ಸ್‌ಬುಟ್ಟಿದ್ದಯಾ?" ಎಂದು ಅಲ್ಲಿಂದಲೇ ಕೂಗಿದರು. ಗಲಾಟೆ ಕೇಳಿ ಬಂದ ಆಪಾ ಪಾತ್ರೆ ನೋಡಿ ತಲೆ ಚಚ್ಚಿಕೊಂಡರು. ಅದು ಬರೀ ಕಹಿಯಲ್ಲ, ಹೊಟ್ಟೆಗೆ ಹೋದರೆ ತಲೆ ತಿರುಗುತ್ತದೆ, ಹಸುವಿನ ಕಲಗಚ್ಚಿಗೂ ಸುರಿಯಬೇಡಿ ಅಂದರು. ಬಸ್ಸಾರನ್ನು ನನ್ನ ಕೈಯಾರೆ ಚರಂಡಿಗೆ ಚೆಲ್ಲಿದೆ. ಒಳಗೆ ಎಲ್ಲರೂ ನಗುತ್ತಿದ್ದರು. ನಗಲಿ ಎಂದು ಮತ್ತೆ ಕಾಳು ನೆನೆಹಾಕಿದೆ.

ಈ ಸಲ ಹೇಳಿದ ಹಾಗೆ ಕೇಳಿದೆ. ಬೇಯಿಸಿದ ನೀರು ಚೆಲ್ಲಿ, ಬೆಳಿಗ್ಗೆ ಸಂಜೆ ನೀರು ಬದಲಾಯಿಸಿ, ನಾಲಿಗೆಗೆ ಒಂದಿಷ್ಟೂ ಕಹಿ ಹತ್ತದ ತನಕ ಕಾದೆ. ಸಿಪ್ಪೆ ತೆಗೆಯುವುದನ್ನು ಮಾತ್ರ ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಅವರೆಕಾಳು ಹಿತುಕಿ ಹಿತುಕಿ ಪಳಗಿದ ಬೆರಳುಗಳು, ತುರ್ಮುಸ್ ಪಟಪಟನೆ ಜಾರಿ ಬಿತ್ತು. ನುಣ್ಣಗೆ ರುಬ್ಬಿ ಎಸರಿಗೆ ಹಾಕಿ ತೊಳಸಿದರೆ ಉಂಡೆ ಕಟ್ಟಲಿಲ್ಲ, ಗಂಜಿಯಾಗಿ ಕೂತಿತು. ಮತ್ತೊಂದು ದಿನ ಒಂದು ಹಿಡಿ ರಾಗಿಹಿಟ್ಟು ಸೇರಿಸಿದೆ. ಆಗ ಕೋಲಿಗೆ ಹತ್ತಿಕೊಂಡು ತಿರುಗಿತು, ಅಂಗೈಯಲ್ಲಿ ಉಂಡೆಯಾಯಿತು. ರಾಗಿಯಷ್ಟು ನಯವಾಗಿ ಗಂಟಲಲ್ಲಿ ಇಳಿಯುವುದಿಲ್ಲ, ಇಳಿಯುತ್ತದೆ ಎಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ಅದು ಹಿಟ್ಟು. ತಟ್ಟೆ ಎತ್ತಿಕೊಂಡು ಬಂದು ಸಾಲಿನ ನಡುವೆ, ಗಂಡನ ಪಕ್ಕದಲ್ಲೇ ಕೂತೆ.

"ಇದ್ಯಾವ ಹಿಟ್ಟಮ್ಮಿ, ಹಳದಿ ಹಳದಿ?" ಎಂದು ಅವರು ಕೆಣಕಿದರು.

"ನಂದು. ನೀವು ನಿಮ್ದು ನೋಡ್ಕಳಿ" ಅಂದೆ.

ಆಪಾ ಕೊಟ್ಟ ಕಾಳು ಮುಗಿದ ಮೇಲೆ ಮಗ ಫೋನಿನಲ್ಲೇ ತರಿಸಿಕೊಡತೊಡಗಿದ. ಮತ್ತೆ ರಕ್ತ ಪರೀಕ್ಷೆಗೆ ಚಾಮರಾಜನಗರಕ್ಕೆ ಹೋದಾಗ ಗಂಡನೂ ಜೊತೆಗೆ ಬಂದರು. ನನ್ನ ಶುಗರ್ ಸ್ವಲ್ಪ ಇಳಿದಿತ್ತು. ಏನು ತಿನ್ನುತ್ತಿದ್ದೀರಿ ಎಂದು ಡಾಕ್ಟರು ಕೇಳಿದರು. "ಹಿಟ್ಟು" ಅಂದೆ. ಆಗ ಅವರು ತಲೆ ಎತ್ತಿ ನನ್ನ ಮುಖ ನೋಡಿದರು. ತುರ್ಮುಸ್ ವಿಷಯ ಕೇಳಿ, ಮಾತ್ರೆ ಮಾತ್ರ ಬಿಡಬೇಡಿ ಎಂದು ಹೇಳಿ, ಪಕ್ಕದಲ್ಲಿ ಕೂತಿದ್ದ ನನ್ನ ಗಂಡನ ಕಡೆ ತಿರುಗಿದರು. ಬಂದಿದ್ದೀರಿ, ನೀವೂ ಪರೀಕ್ಷೆ ಮಾಡಿಸಿಬಿಡಿ ಅಂದರು. ಅವರ ಶುಗರ್ ನನ್ನದಕ್ಕಿಂತ ಹೆಚ್ಚಿತ್ತು.

ವಾಪಸು ಬರುವ ಬಸ್ಸಿನಲ್ಲಿ ಅವರು ರಿಪೋರ್ಟನ್ನು ಬಿಚ್ಚುವುದು, ಮಡಿಸುವುದು ಮಾಡುತ್ತಿದ್ದರು. ನನಗೋ, ತೆರಕಣಾಂಬಿ ದಾಟಿದರೂ ಒಳಗೊಳಗೇ ಖುಷಿ. ತಿನ್ನಲಿ ಈಗ ಚಪಾತಿ, ಗೊತ್ತಾಗಲಿ.

ಊಟದ ಹೊತ್ತಿಗೆ ಸೊಸೆ ತಟ್ಟೆಗಳನ್ನಿಟ್ಟಳು. ನನ್ನ ಗಂಡ ಯಾರೂ ಹೇಳದೆಯೇ ತಮ್ಮ ತಟ್ಟೆ ಎತ್ತಿಕೊಂಡು ಹೋಗಿ ಅಡುಗೆಮನೆ ಬಾಗಿಲ ಹತ್ತಿರ ಕೂತರು. ಅಷ್ಟು ದೊಡ್ಡ ಆಳು, ಗೋಡೆಗೆ ಒತ್ತಿಕೊಂಡು, ಯಾರ ಕಾಲಿಗೂ ಅಡ್ಡವಾಗದ ಹಾಗೆ ಮುದುಡಿಕೊಂಡಿದ್ದರು. ಅವ್ವ ಕೂರುತ್ತಿದ್ದದ್ದೂ ಹಾಗೆಯೇ. ನನ್ನ ಖುಷಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಅಳುವೂ ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ಏಳಿ ಮ್ಯಾಕ್ಕ. ಯಾರು ಹೇಳಿದ್ರು ಅಲ್ಲಿ ಕೂತ್ಕಳಿ ಅಂತ?"

ಏಳಲಿಲ್ಲ. ರಟ್ಟೆ ಹಿಡಿದು ಎಳೆದು ತಂದು ನನ್ನ ಪಕ್ಕ ಕೂರಿಸಿದೆ. ನನ್ನ ಹಿಟ್ಟನ್ನು ಮುರಿದು ಅರ್ಧ ಅವರ ತಟ್ಟೆಗೆ ಹಾಕಿದೆ. ಸೊಸೆ ಸಾರಿನ ಸೌಟು ಹಿಡಿದು ನಿಂತೇ ಇದ್ದಳು. ಅವಳಿಗೂ ಹೇಳಿದೆ:

"ಇನ್ಮ್ಯಾಲ ಈ ಮನೇಲಿ ಯಾರ್ ತಟ್ಟೇನೂ ಸಾಲು ಬುಟ್ಟು ಓಗಕೂಡದು ಕಣಮ್ಮಿ. ನಾನು ಸತ್ ಮ್ಯಾಲೂವೆ."