ವಾರಿಜಾಕ್ಷಿ ಟೀಚರು ನೋಡಿದ ಹೋಟೆಲು

ತೀರ್ಥಹಳ್ಳಿಯ ಹೈಸ್ಕೂಲೊಂದರಲ್ಲಿ ವಾರಿಜಾಕ್ಷಿ ವಿಜ್ಞಾನದ ಟೀಚರು. ಅವರ ಗಂಡ ಪಾರ್ಶ್ವರಾಜ ೧೯೮೬ರ ಮಳೆಗಾಲದಲ್ಲಿ ಎದೆನೋವೆಂದು ಮಲಗಿದವರು ಏಳಲಿಲ್ಲ. ಆಮೇಲೆ ವಾರಿಜಾಕ್ಷಿ ಎಂದಿನಂತೆ ಪಾಠ ಮಾಡಿದರು, ಉಪ್ಪು ಮರೆತ ಸಾರನ್ನು ಹಾಗೆಯೇ ಉಂಡರು. ಯಾರು ಯಾವ ಕೆಲಸ ವಹಿಸಿದರೂ ಬೇಡವೆನ್ನಲಿಲ್ಲ.

ಮರುವರ್ಷ ಊರಿನ ಪರಿಸರ ಸಂಘದವರು ಕಾಡಿಗೂ ಹೊಳೆಗೂ ತೊಂದರೆ ಕೊಡದ ಹೋಟೆಲೊಂದನ್ನು ಸನ್ಮಾನಿಸಲು ಹೊರಟರು. ಎಲ್ಲರ ಬಾಯಲ್ಲೂ ಗಿರಿಯಪ್ಪನ ಲಾಡ್ಜಿನ ಹೆಸರೇ. ಹೋಗಿ ನೋಡಿ ಬರುವ ಕೆಲಸ ವಾರಿಜಾಕ್ಷಿಯವರಿಗೆ ಬಂತು. ಗಿರಿಯಪ್ಪ ಪಾರ್ಶ್ವರಾಜರ ಗೆಳೆಯ, ಅವರ ಹೆಣಕ್ಕೆ ಹೆಗಲು ಕೊಟ್ಟವನು.

"ನೀವೇ ಬಂದ್ರಲ್ಲ ಟೀಚರೇ, ಒಳ್ಳೇದಾಯ್ತು" ಎಂದು ಅವನು ಮುಂದೆ ನಿಂತು ತೋರಿಸಿದ. ಊಟ ಬಾಳೆ ಎಲೆಯಲ್ಲಿ. ಎಂಜಲೆಲೆ ಗೊಬ್ಬರದ ಗುಂಡಿಗೆ. ಕೊಟ್ಟಿಗೆಯ ಪಕ್ಕದಲ್ಲಿ ಗೋಬರ್ ಗ್ಯಾಸ್ ಗುಂಡಿ.

"ಅಡುಗೆಯೆಲ್ಲ ಇದರಲ್ಲೇನಾ?"

"ಕಾಫಿ, ತಿಂಡಿಗೆ ಸಾಕಾಗ್ತದೆ."

"ಉಳಿದದ್ದಕ್ಕೆ?"

ಗಿರಿಯಪ್ಪ ಮತ್ತೆ ಗೊಬ್ಬರದ ಗುಂಡಿಯ ಕಡೆ ಕೈ ತೋರಿಸಿದ. ವಾರಿಜಾಕ್ಷಿ ತಾವಾಗಿಯೇ ಹಿತ್ತಲಿಗೆ ನಡೆದರು. ರೂಮುಗಳ ಸ್ನಾನಕ್ಕೆ ನೀರು ಕಾಯಿಸುವ ದೊಡ್ಡ ಹಂಡೆ ಉರಿಯುತ್ತಿತ್ತು. ಪಕ್ಕದಲ್ಲಿ ಮಾಡಿನೆತ್ತರಕ್ಕೆ ಸೌದೆ. ಕಾಡಿನ ಮರದ್ದು, ಕಡಿದ ಜಾಗದಲ್ಲಿ ಇನ್ನೂ ಹಸಿಯಾಗಿತ್ತು. ಪಾತ್ರೆ ತೊಳೆದ ಜಿಡ್ಡುನೀರು, ಬಟ್ಟೆ ಒಗೆದ ಸೋಪಿನ ನೀರು ಒಂದೇ ಪೈಪಿನಲ್ಲಿ ಲಂಟಾನದ ಪೊದೆ ದಾಟಿ ಹಳ್ಳಕ್ಕೆ ಬೀಳುತ್ತಿತ್ತು. ಹಳ್ಳ ಸೇರುವುದು ತುಂಗೆಗೆ. ಕಲ್ಲುಗಳ ಮೇಲೆ ಬೂದುಬಣ್ಣದ ಲೋಳೆ ಕಟ್ಟಿತ್ತು. ಸ್ವಲ್ಪ ಕೆಳಗೆ ಒಬ್ಬ ಹೆಂಗಸು ಕೊಡ ತುಂಬುತ್ತಿದ್ದಳು. ವಾರಿಜಾಕ್ಷಿಗೆ ಸಿಟ್ಟೂ ಬರಲಿಲ್ಲ, ಬೇಸರವೂ ಆಗಲಿಲ್ಲ.

ಗಿರಿಯಪ್ಪ ಹಿಂದೆ ಬಂದು ನಿಂತಿದ್ದ. "ಇದನ್ನೆಲ್ಲ ಯಾರೂ ನೋಡೋದಿಲ್ಲ ಟೀಚರೇ. ಬೇರೆ ಹೋಟೆಲಿನವ್ರು ಇಷ್ಟೂ ಮಾಡಿಲ್ಲ."

"ಹೌದು, ಮಾಡಿಲ್ಲ" ಎಂದರು ಅವರು.

ಸಂಘದ ಸಭೆಯಲ್ಲಿ ಗಿರಿಯಪ್ಪನೂ ಇದ್ದ. ವಾರಿಜಾಕ್ಷಿ ಎದ್ದು ನಿಂತು, ಎಲೆಯ ವಿಷಯ ನಿಜ, ಗ್ಯಾಸಿನದು ಅರ್ಧ ನಿಜ, ಹೊಳೆಗೆ ತೊಂದರೆಯಿಲ್ಲ ಎನ್ನುವುದು ಸುಳ್ಳು ಎಂದು ಹೇಳಿ ಕೂತರು. ಧ್ವನಿ ತರಗತಿಯಲ್ಲಿ ಹಾಜರಿ ಕೂಗುವಾಗಿನಂತೆಯೇ ಇತ್ತು.

"ಪಾರ್ಶ್ವಣ್ಣ ಇದ್ದಿದ್ರೆ ಹೀಗೆ ಹೇಳೋಕೆ ಬಿಡ್ತಿರ್ಲಿಲ್ಲ" ಎಂದ ಗಿರಿಯಪ್ಪ.

"ಇರಬಹುದು" ಎಂದರು ವಾರಿಜಾಕ್ಷಿ.

ಆ ವರ್ಷ ಸನ್ಮಾನ ಯಾರಿಗೂ ಆಗಲಿಲ್ಲ. ಬೇಸಿಗೆಯಲ್ಲಿ ಗಿರಿಯಪ್ಪ ಹಿತ್ತಲಲ್ಲಿ ಇಂಗುಗುಂಡಿ ತೋಡಿಸಿ ಪೈಪನ್ನು ಅದಕ್ಕೆ ತಿರುಗಿಸಿದ. ಹಂಡೆಗೆ ಮಾತ್ರ ಸೌದೆ ಬರುತ್ತಲೇ ಇತ್ತು. ಬಸ್‌ಸ್ಟ್ಯಾಂಡಿನಲ್ಲಿ ಟೀಚರು ಎದುರಾದರೆ ಅವನು ಅಂಗಡಿಯ ಕಡೆ ಮುಖ ತಿರುಗಿಸುತ್ತಿದ್ದ.

ಕೆಲವು ವರ್ಷಗಳ ಮೇಲೆ ಸಹೋದ್ಯೋಗಿ ಶಾಂತಮ್ಮ ಕೇಳಿದರು: "ಅವತ್ತು ಸಂಘದ ಸಭೇಲಿ ಅಷ್ಟು ಧೈರ್ಯ ಹೇಗೆ ಬಂತು ನಿಮ್ಗೆ?"

"ಧೈರ್ಯ ಅಲ್ಲ ಶಾಂತಮ್ಮ. ಇವರು ಹೋದ ಹೊಸದ್ರಲ್ಲಿ ನಂಗೆ ಏನೂ ಅನ್ನಿಸ್ತಿರ್ಲಿಲ್ಲ. ಈಗಾಗಿದ್ರೆ ಗಿರಿಯಪ್ಪನ ಮುಖ ನೋಡ್ಕೊಂಡು ಹೇಳ್ತಿದ್ನೋ ಇಲ್ವೋ."