ಮೊಬೈಲಿನೊಳಗಿನ ಅಂಕ

“ಇವತ್ತು ಕೆಂಪು ಬೇಡ. ಬೊಳ್ಳೆಯನ್ನೇ ಬಿಡುವ.”

ಹಟ್ಟಿಯ ಕಡೆಯಿಂದ ಗಂಡನ ದನಿ ಕೇಳಿದಾಗ ಲೋಲಾಕ್ಷಿ ನೀರುದೋಸೆಯ ಹಿಟ್ಟಿಗೆ ಉಪ್ಪು ಹಾಕುತ್ತಿದ್ದಳು. ಕೈ ಅಲ್ಲೇ ನಿಂತಿತು. ಬೊಳ್ಳೆ ಎಂದರೆ ಬಿಳಿಯ ಹುಂಜ. ಕೋಳಿ ಕಾದಿಸುವ ಅಂಕದವರ ಆ ಮಾತು ಅವರ ಮನೆಯಲ್ಲಿ ಕೇಳಿಸದೆ ವರ್ಷಗಳೇ ಸಂದಿದ್ದವು.

ಆಲೆಟ್ಟಿಯ ಬೋಜಪ್ಪ ಗೌಡರನ್ನು ಒಂದು ಕಾಲದಲ್ಲಿ ಸುಳ್ಯದಿಂದ ಕಡಬದವರೆಗೆ ಅಂಕದ ಗದ್ದೆಗಳೆಲ್ಲ ಬಲ್ಲವಾಗಿದ್ದವು. ಯಾವ ವಾರ, ಯಾವ ಹೊತ್ತಿನಲ್ಲಿ, ಯಾವ ಬಣ್ಣದ ಹುಂಜಕ್ಕೆ ಜಯ ಎಂಬ ಲೆಕ್ಕ ಅವರ ನಾಲಗೆಯ ತುದಿಯಲ್ಲಿತ್ತು. ಆ ಲೆಕ್ಕವೇ ಅವರನ್ನು ಕೆಡಿಸಿತು. ಮಗಳು ಯಶ್ಮಿತಾಳ ನಿಶ್ಚಿತಾರ್ಥದ ದಿನ, ಗಂಡಿನ ಕಡೆಯವರು ಚಾವಡಿಯಲ್ಲಿ ಕುಳಿತು ಕಾಯುತ್ತಿದ್ದಾಗ, ಪೊಲೀಸರು ನುಗ್ಗಿದ ಗದ್ದೆಯಿಂದ ನೀರಿನ ತೋಡು ಹಾರಿ, ಒಂದೇ ಚಪ್ಪಲಿಯಲ್ಲಿ, ತಲೆಗೂದಲಿಗೆ ಗರಿ ಸಿಕ್ಕಿಸಿಕೊಂಡು ಅಂಗಳಕ್ಕೆ ಬಂದಿದ್ದರು. ಬೀಗರು ದೊಡ್ಡ ಮನಸ್ಸಿನವರು, ನಕ್ಕುಬಿಟ್ಟರು. ಲೋಲಾಕ್ಷಿ ನಗಲಿಲ್ಲ. ಮುಂದಿನ ಶನಿವಾರ ಬೋಜಪ್ಪ ಗೌಡರು ಭಜನಾ ಮಂದಿರದಲ್ಲಿ ಉರಿಯುವ ದೀಪವನ್ನು ಮುಟ್ಟಿ, ಇನ್ನು ಯಾವುದರ ಮೇಲೂ ಪಂಥ ಕಟ್ಟುವುದಿಲ್ಲವೆಂದು ಮಾತು ಕೊಟ್ಟರು.

ಭಗವಂತನ ಕರುಣೆಗೆ ಎಣೆಯುಂಟೇ! ಹುಂಜದ ಕಾಲಿಗೆ ಕತ್ತಿ ಕಟ್ಟುತ್ತಿದ್ದ ಕೈ ತಾಳ ಹಿಡಿಯಿತು. ಗದ್ದೆಯಲ್ಲಿ ಕೂಗುತ್ತಿದ್ದ ಗಂಟಲು ನಾಮಸಂಕೀರ್ತನೆಗೆ ಹದವಾಯಿತು. ಈ ವರ್ಷವಂತೂ ನಗರ ಭಜನೆಯ ತಂಡ ಮನೆಮನೆಗೆ ಹೊರಡುವಾಗ ಮುಂದೆ ದೀಪ ಹಿಡಿದು ನಡೆಯುವ ಭಾಗ್ಯವನ್ನು ಮಂಡಳಿಯವರು ಅವರಿಗೇ ಕೊಟ್ಟಿದ್ದರು. ಬರುವ ಶನಿವಾರವೇ ಆರಂಭ.

ಮಾತು ಮುರಿದ ಕೈಯಲ್ಲಿ ಆ ದೀಪ ಊರವರ ಹೊಸ್ತಿಲು ದಾಟಿದರೆ? ಲೋಲಾಕ್ಷಿಗೆ ಹಿಟ್ಟು ಕಲಸಲು ಕೈ ಬರಲಿಲ್ಲ.

ಅಂದಿನಿಂದ ಅವಳು ಗಂಡನ ಅಂಗಿಯನ್ನು ಒಗೆಯುವ ಮೊದಲು ಮೂಸತೊಡಗಿದಳು. ಶಾಲನ್ನು ಬಿಸಿಲಿಗೆ ಹಿಡಿದು ರಕ್ತದ ಕಲೆ ಹುಡುಕಿದಳು. ಬೆವರಿನ ವಾಸನೆಯ ಹೊರತು ಏನೂ ಸಿಗಲಿಲ್ಲ. ಸಿಗದಿದ್ದುದರಿಂದ ಸಂಶಯ ಇನ್ನಷ್ಟು ಬಲಿಯಿತು. ಹಾಲು ಕರೆದಾದ ಮೇಲೂ ಅವರು ಹಟ್ಟಿಯ ಮೂಲೆಯಲ್ಲಿ ಮೊಬೈಲು ಹಿಡಿದು ಕುಳಿತೇ ಇರುತ್ತಿದ್ದರು.

“ಎಂತ ನೋಡುದು ಅಷ್ಟು?”

“ಹವಾಮಾನ.”

“ಹವಾಮಾನಕ್ಕೆ ‘ಹೊಡಿ ಹೊಡಿ’ ಅಂತ ಯಾರಾದ್ರೂ ಹೇಳ್ತಾರಾ?”

ಬೋಜಪ್ಪ ಗೌಡರು ಹಸುವಿನ ಬೆನ್ನು ತಟ್ಟುತ್ತ ಎದ್ದುಹೋದರು.

ಆ ಮೊಬೈಲು ಕೊಡಿಸಿದವನು ಅವರ ತಂಗಿಯ ಮಗ ಉದಯ. ಸುಳ್ಯದಲ್ಲಿ ಅವನಿಗೆ ಮೊಬೈಲ್ ಅಂಗಡಿ ಉಂಟು. ಶುಕ್ರವಾರ ಬೆಳಗಿನ ಬಸ್ಸಿಗೆ ಲೋಲಾಕ್ಷಿ ನೇರ ಅಲ್ಲಿಗೇ ಹೋದಳು.

“ಮಾವನ ಹತ್ರ ಕೋಳಿ ಕಟ್ಟಿಸ್ತಿದ್ದೀಯಾ ನೀನು?”

“ಅಯ್ಯೋ ಅತ್ತೆ, ಕೋಳಿ ಅಲ್ಲ! ಕಾರ್ಡಿನ ಆಟ ಅದು.”

“ಇಸ್ಪೀಟಾ? ದೇವರೇ, ಕೋಳಿಯೇ ಆಗ್ಬಹುದಿತ್ತು!”

ಉದಯ ನಗುತ್ತ ಸ್ಟೂಲು ಎಳೆದು ಕೂರಿಸಿ, ಪರದೆಯಲ್ಲಿ ಒಂದೊಂದಾಗಿ ತೋರಿಸಿದ. ಹುಲಿ, ರಾಕ್ಷಸ, ಬೆಂಕಿಯುಗುಳುವ ಹಕ್ಕಿ. ಪ್ರತಿಯೊಂದಕ್ಕೂ ಬಣ್ಣ, ಬಲ. “ಇದು ಸುಮ್ಮನೆ ಚಿತ್ರ ಅಲ್ಲ ಅತ್ತೆ. ನಾನು ತೆಗೊಂಡ ಸೊತ್ತು. ಯಾವ ಕಾರ್ಡು ಯಾರದ್ದು ಅಂತ ಲೋಕದ ಎಷ್ಟೋ ಕಂಪ್ಯೂಟರಲ್ಲಿ ಒಟ್ಟಿಗೆ ಬರೆದಿರ್ತದೆ. ಬ್ಲಾಕ್‌ಚೈನ್ ಅಂತ ಹೇಳುದು. ಬೇಕಾದ್ರೆ ಮಾರ್ಬಹುದು, ಬೇರೆಯವರಿಗೆ ಆಡ್ಲಿಕ್ಕೆ ಕೊಡ್ಬಹುದು.”

“ಪಹಣಿ ಹಾಗಾ?”

“ಪಹಣಿಯೇ. ಆದ್ರೆ ಯಾರಿಗೂ ತಿದ್ಲಿಕ್ಕೆ ಆಗುದಿಲ್ಲ.”

“ತಿದ್ಲಿಕ್ಕೆ ಆಗದ ಪಹಣಿಯಾ? ಅದನ್ನು ನಾನು ನಂಬುದಿಲ್ಲ. ಮಾವ ಎಂತ ಮಾಡುದು?”

“ನನ್ನ ಕಾರ್ಡು, ಮಾವನ ಆಟ. ಸಿಕ್ಕಿದ್ದರಲ್ಲಿ ಅರ್ಧ ಅರ್ಧ. ಮಾವ ವಾರ ನೋಡಿ ಬಣ್ಣ ಆರಿಸ್ತಾರೆ ಅತ್ತೆ! ಗೆಲ್ತಾರೆ ಸಹ. ಹೇಗೆ ಅಂತ ನನಗೇ ಗೊತ್ತಾಗುದಿಲ್ಲ.”

“ಎದುರು ಆಡುವವರು ಯಾರು?”

ಉದಯ ಕಿವಿ ತುರಿಸಿಕೊಂಡ. “ಕೆಲವು ಮನುಷ್ಯರು. ಹೆಚ್ಚಿನವು ತಾನಾಗಿ ಆಡುವ ಪ್ರೋಗ್ರಾಂ, ಮೆಷಿನ್ ಹಾಗೆ. ಮಾವನಿಗೆ ಹೇಳ್ಬೇಡಿ, ಬೇಜಾರು ಮಾಡ್ಕೊಳ್ತಾರೆ.”

“ಪಂಥ ಉಂಟಾ?”

“ಮಾವನ ಕಿಸೆಯಿಂದ ಒಂದು ರೂಪಾಯಿ ಹೋಗ್ಲಿಲ್ಲ, ದೇವರಾಣೆ.”

ಹಿಂದಿರುಗುವ ಬಸ್ಸಿನಲ್ಲಿ ಲೋಲಾಕ್ಷಿ ಆ ಮಾತನ್ನು ತಿರುಗಿಸಿ ತಿರುಗಿಸಿ ನೋಡಿದಳು. ತಾನು ಕೇಳಿದ್ದು ಪಂಥದ ವಿಷಯ, ಅವನು ಹೇಳಿದ್ದು ಕಿಸೆಯ ವಿಷಯ. ನೇರ ಪ್ರಶ್ನೆಗೆ ಓರೆ ಉತ್ತರ ಬಂದ ಕಡೆ ಏನೋ ಮುಚ್ಚಿಟ್ಟಿರುತ್ತಾರೆ.

ಸಂಜೆ ದೇವರಿಗೆ ದೀಪ ಇಟ್ಟು ಬಂದವಳೇ ಗಂಡನ ಬದಿಯಲ್ಲಿ ಕುಳಿತಳು. “ನನ್ನೆದುರು ಆಡಿ, ನೋಡುವ.”

ಬೋಜಪ್ಪ ಗೌಡರ ಮುಖ ಮೊದಲು ಕಪ್ಪಿಟ್ಟಿತು, ಆಮೇಲೆ ಮದುಮಗನ ಹಾಗೆ ಕೆಂಪಾಯಿತು. ಮೊಬೈಲನ್ನು ಶಾಲಿನಿಂದ ಒರೆಸಿ ಆಟ ತೆರೆದರು. ಬಿಳಿಯ ಹಕ್ಕಿಯನ್ನು ಮುಂದೆ ನಿಲ್ಲಿಸಿ, ಆಮೆಯೊಂದನ್ನು ಹಿಂದೆ ಅಡಗಿಸಿದರು. ಎದುರಾಳಿಯ ಹೆಸರಿನ ಮೇಲೆ ಬೆರಳಿಟ್ಟು, “ಇವ ದಿನಾ ಸಿಕ್ತಾನೆ. ಫಿಲಿಪ್ಪೀನ್ಸಿನವ ಇರ್ಬೇಕು. ಭಾರೀ ತಾಳ್ಮೆಯವ ಮಾರಾಯ್ತಿ, ಸೋತರೂ ಒಂದು ಕೋಪ ಇಲ್ಲ. ಮಕ್ಕಳುಮರಿ ಇರುವ ಮನುಷ್ಯ,” ಎಂದರು.

ಉದಯ ಹೇಳಿದ್ದು ಲೋಲಾಕ್ಷಿಯ ನಾಲಗೆಯ ತುದಿಗೆ ಬಂತು. ಆ ಮನುಷ್ಯನನ್ನು ಗಂಡನಿಂದ ಕಿತ್ತುಕೊಳ್ಳಲು ಅವಳಿಗೆ ಮನಸ್ಸು ಬರಲಿಲ್ಲ.

ಪರದೆಯಲ್ಲಿ ಬಂಗಾರದ ಬಣ್ಣದ ಹೂಮಳೆ ಸುರಿಯಿತು. ಗೆದ್ದಿದ್ದರು.

“ಈ ಬಹುಮಾನ ಎಲ್ಲಿಂದ ಬರುದು?”

“ಸ್ಪರ್ಧೆಯದ್ದು. ಸೇರುವವರೆಲ್ಲ ಸ್ವಲ್ಪ ಸ್ವಲ್ಪ ಹಾಕಿರ್ತಾರೆ.”

“ನೀವು?”

“ಕೈಯಿಂದ ಹಾಕುದಲ್ಲ. ಗೆದ್ದದ್ದರಿಂದ ತೆಗೆದು ಹಾಕುದು.”

“ಅಂಕದಲ್ಲಿ ಸಹ ಎರಡನೇ ಕೋಳಿಗೆ ನೀವು ಗೆದ್ದದ್ದನ್ನೇ ಹಾಕ್ತಿದ್ರಿ.”

“ಅಲ್ಲಿ ಒಂದು ಜೀವ ಸಾಯ್ತಿತ್ತು. ಇಲ್ಲಿ ಎಂತ ಸಾಯ್ತದೆ, ಹೇಳು?”

“ದೀಪ ಮುಟ್ಟಿ ನೀವು ಹೇಳಿದ್ದು ಕೋಳಿ ಅಂತವಾ, ಪಂಥ ಅಂತವಾ?”

ಮನುಷ್ಯರೊಡನೆ ವಾದಿಸಿ ಗೆಲ್ಲಬಹುದು; ದೇವರ ಎದುರು ಆಡಿದ ಮಾತಿಗೆ ವಕೀಲರು ಸಿಗುವುದಿಲ್ಲ. ಬೋಜಪ್ಪ ಗೌಡರು ಮೊಬೈಲನ್ನು ಬೋರಲಾಗಿ ಇಟ್ಟು ಊಟವಿಲ್ಲದೆ ಮಲಗಿದರು. ನಾಳೆ ಏನು ಮಾಡುತ್ತೀರಿ ಎಂದು ಲೋಲಾಕ್ಷಿಯೂ ಕೇಳಲಿಲ್ಲ. ಕೇಳಿ ಕಿತ್ತುಕೊಂಡ ಉತ್ತರವನ್ನು ನಂಬುವ ಧೈರ್ಯ ಅವಳಿಗಿರಲಿಲ್ಲ.

ಶನಿವಾರ ಮುಸ್ಸಂಜೆ ಮಂದಿರದಲ್ಲಿ ಶಂಖ ಮೊಳಗಿತು. ಬೋಜಪ್ಪ ಗೌಡರು ಮಿಂದು, ಬಿಳಿ ಪಂಚೆಯುಟ್ಟು ಮುಂದಿನ ಸಾಲಿನಲ್ಲೇ ನಿಂತಿದ್ದರು. ಮಂಡಳಿಯ ಅಧ್ಯಕ್ಷ ಜಯಪ್ರಕಾಶ್ ಮಾಸ್ಟ್ರು ದೀಪವನ್ನು ಅವರತ್ತ ಚಾಚಿದರು. ಬೋಜಪ್ಪ ಗೌಡರ ಕೈಗಳು ಮುಂದೆ ಬಂದವು. ಹೆಂಗಸರ ಸಾಲಿನಿಂದ ಲೋಲಾಕ್ಷಿ ಆ ಕೈಗಳನ್ನೇ ನೋಡುತ್ತಿದ್ದಳು. ಬಂದ ಕೈಗಳು ದೀಪವನ್ನು ಹಿಡಿಯದೆ ಜೋಡಿಕೊಂಡವು.

“ಮಾಸ್ಟ್ರೇ, ನನಗೆ ತಾಳ ಕೊಡಿ. ದೀಪ ಬೇರೆಯವರು ಹಿಡೀಲಿ.”

“ಎಂತ ಮಾರಾಯ್ರೆ, ಕೈ ನೋವಾ?”

“ಅಲ್ಲ. ಪಂಥ ಕಟ್ಟಿದ್ದೇನೆ. ಕೋಳಿಗಲ್ಲ, ಮೊಬೈಲಿನ ಕಾರ್ಡಿಗೆ. ಕಾರ್ಡು, ಗೆದ್ದದ್ದು ಎಲ್ಲ ಮಧ್ಯಾಹ್ನ ಉದಯನಿಗೆ ಹಿಂದೆ ಕೊಟ್ಟೆ.”

ಯಾರೋ ಕಿಸಕ್ಕನೆ ನಕ್ಕರು. ಮಾಸ್ಟ್ರು ನಗಲಿಲ್ಲ. ದೀಪವನ್ನು ತಾವೇ ಹಿಡಿದು, ತಮ್ಮ ತಾಳವನ್ನು ಬೋಜಪ್ಪ ಗೌಡರ ಕೈಗಿತ್ತರು. “ತಾಳ ತಪ್ಪಿಸ್ಬೇಡಿ,” ಎಂದಷ್ಟೇ ಹೇಳಿದರು.

ಒಮ್ಮೆ ಹೇಳಿದರೆ ಮುಗಿಯುವ ಮಾತು ಅದಾಗಿರಲಿಲ್ಲ. ಈ ವರ್ಷ ದೀಪ ಬೋಜಪ್ಪ ಗೌಡರದ್ದೆಂದು ಊರಿಗೆಲ್ಲ ತಿಳಿದಿತ್ತು; ಹೋದ ಮನೆಗಳಲ್ಲೆಲ್ಲ, ದೀಪ ಯಾಕೆ ಹಿಡಿಯಲಿಲ್ಲ ಎಂಬ ಪ್ರಶ್ನೆ ಎದುರಾಯಿತು. ಮೊದಲ ಮನೆಯಲ್ಲಿ ತಲೆ ತಗ್ಗಿಸಿ ಹೇಳಿದರು. ಮುಂದಿನದರಲ್ಲಿ ಕೇಳುವ ಮೊದಲೇ ಹೇಳಿದರು. ಲೋಲಾಕ್ಷಿ ಪ್ರತಿ ಸಲವೂ ಒಂದು ಹೆಜ್ಜೆ ಹಿಂದೆ ನಿಂತು, ‘ಪಂಥ’ ಎಂಬ ಮಾತು ಬರುತ್ತದೆಯೇ, ನಡುವೆ ಎಲ್ಲಾದರೂ ಜಾರುತ್ತದೆಯೇ ಎಂದು ಕಿವಿಗೊಟ್ಟು ಆಲಿಸಿದಳು.

ಗುಡ್ಡದ ಬುಡದ ಮನೆ ಸೀತು ಅಕ್ಕನದು. ಆಕೆಗೆ ಸಿಕ್ಕ ಸುದ್ದಿ ಬೆಳಗಾಗುವುದರೊಳಗೆ ಸುಳ್ಯದ ಪೇಟೆ ತಲುಪುತ್ತದೆ.

“ಇದೆಂತ ಬೋಜಪ್ಪ, ದೀಪ ಮಾಸ್ಟ್ರ ಕೈಯಲ್ಲಿ?”

ಬೋಜಪ್ಪ ಗೌಡರು ತಾಳದ ದಾರವನ್ನು ಬೆರಳಿಗೆ ಸುತ್ತಿದರು. “ಅದು... ಸ್ವಲ್ಪ ಕೈ ನೋವು ಅಕ್ಕಾ.”

ಹಿಂದಿನಿಂದ ಲೋಲಾಕ್ಷಿ ಕೆಮ್ಮಿದಳು.

ಅವರು ತಿರುಗಿ ನೋಡಿದರು. ಅಂಗಳದಲ್ಲಿ ಹಾಡು ನಿಂತು ಎಲ್ಲರೂ ಕಾಯುತ್ತಿದ್ದರು.

“ಕೈಗೆ ಎಂತ ಆಗ್ಲಿಲ್ಲ ಅಕ್ಕಾ,” ಎಂದು ಬೋಜಪ್ಪ ಗೌಡರು ಜಗಲಿಯ ಹತ್ತಿರಕ್ಕೆ ಸರಿದರು. “ಕೂತ್ಕೊಳ್ಳಿ, ಹೇಳ್ತೇನೆ.”