ಭಾವ ತಂದ ಹರಿಯುವ ಉಪ್ಪು

ನಮ್ಮ ಭಾವನಿಗೆ ನಾನಿಟ್ಟ ಹೆಸರು ಎಣ್ಣೆರಾಯರು. ಕುಡಿಯುವವರಲ್ಲ, ಪಾಪ. ಟೇಪ್ ಕಾರ್ಖಾನೆಯ ಲ್ಯಾಬಿನಲ್ಲಿ ಅವರ ಕೆಲಸವೇ ಜಿಡ್ಡಿನದು. ಮಾಹಿತಿ ತುಂಬಿಡುವ ಟೇಪು, ಅದನ್ನು ಓದುವ ಯಂತ್ರದ ಹೆಡ್ಡಿಗೆ ಉಜ್ಜಿ ಸವೆಯಬಾರದು; ಅದಕ್ಕೇ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಜಿಡ್ಡು ಸವರಬೇಕು. ಹೆಚ್ಚಾದರೆ ಅಂಟುತ್ತದೆ, ಕಡಿಮೆಯಾದರೆ ಕಿರುಚುತ್ತದೆ. ಅಡುಗೆಮನೆ ಬಾಗಿಲಿಗೆ ಒಂದು ತೊಟ್ಟು ಎಣ್ಣೆ ಬಿಡಿ ಎಂದರೆ ಮಾತ್ರ ಈ ಮಹಾಶಯರು ಇವತ್ತು ನಾಳೆ ಎನ್ನುತ್ತಾರೆ.

ಒಂದು ದಿನ ಪುಟ್ಟ ಶೀಶೆಯೊಂದನ್ನು ತಂದರು.

"ಇದೇನು ಭಾವ?"

"ಉಪ್ಪು."

"ನೀರಲ್ಲಿ ಕರಗಿಸಿದ್ದಾ?"

"ನೀರೇ ಇಲ್ಲ ಕಣೇ ಇದರಲ್ಲಿ! ಕಾಯಿಸೋದೂ ಬೇಡ, ತಾನಾಗೇ ಹರಿಯೋ ಉಪ್ಪು. ಅಯಾನಿಕ್ ದ್ರವ ಅಂತಾರೆ. ಬೇರೆ ಎಣ್ಣೆ ಥರ ಆರಿಹೋಗಲ್ಲ, ಟೇಪನ್ನ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ."

ಬೆರಳದ್ದಿ ನೆಕ್ಕಿ ನೋಡೋಣ ಅನ್ನಿಸಿತು. ನನ್ನ ಬುದ್ಧಿ ಗೊತ್ತಿದ್ದ ಭಾವ ಶೀಶೆಯನ್ನು ಕಿತ್ತುಕೊಂಡರು.

ತಂದದ್ದು ಅಕ್ಕನಿಗಾಗಿ. ಗಂಟಲಿನ ಆಪರೇಷನ್ ಆದಮೇಲೆ ಅವಳಿಗೆ ದನಿಯೇ ಇಲ್ಲ. ಆ ದನಿ ಉಳಿದಿದ್ದುದು ಒಂದೇ ಒಂದು ಹಳೆಯ ಟೇಪಿನಲ್ಲಿ. ಹಾಕಿದರೆ ಅದು ಕಿರುಚಿ ಕಂದು ಪುಡಿ ಉದುರಿಸುತ್ತಿತ್ತು. ಭಾವ ಬೇಡದ ಟೇಪುಗಳ ಮೇಲೆ ಪ್ರಯೋಗ ಮಾಡಿ ನೋಡಿ, ಕೊನೆಗೆ ಧೈರ್ಯ ಮಾಡಿ ಇದಕ್ಕೂ ಉಪ್ಪು ಸವರಿದರು. ಭಾನುವಾರ ಊಟದ ಮೇಜಿನ ಮೇಲೆ ಟೇಪು ಓಡಿಸುವ ಯಂತ್ರ ಬಂತು. ಒಂದು ಪಕ್ಕದಲ್ಲಿ ದನಿಯನ್ನು ನಕಲು ಮಾಡಿಕೊಳ್ಳಲು ರೆಕಾರ್ಡರು, ಇನ್ನೊಂದು ಪಕ್ಕದಲ್ಲಿ ಉಜ್ಜಾಟ ಅಳೆಯುವ ಮೀಟರು.

ಟೇಪು ಓಡಿತು. ಅಬ್ಬಾ, ಕಿರುಚಲೇ ಇಲ್ಲ! ಅಕ್ಕನ ದನಿ ಕೇಳಿ ನಾನು ಅತ್ತೇಬಿಟ್ಟೆ. ಭಾವ ಮಾತ್ರ ಮೀಟರಿಗೆ ಮೂಗು ತಾಗಿಸಿ, "ಮುಳ್ಳು ಅಲ್ಲಾಡ್ತಾನೇ ಇಲ್ಲ ನೋಡೇ!" ಎಂದು ಕುಣಿಯುತ್ತಿದ್ದರು. ಮುಗಿದ ಮೇಲೆ ನೋಡಿದರೆ ರೆಕಾರ್ಡರಿನ ಗುಂಡಿಯನ್ನೇ ಒತ್ತಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. "ಭಾವಾ, ನಿಮ್ಮ ತಲೇಲಿ ಏನು ತುಂಬಿದೆ?"

ಅವರ ಮುಖ ಬಿಳಿಚಿಕೊಂಡಿತು. "ಒಂದು ಕಡೆ ಟೇಪಿನ ಪದರ ಎದ್ದಿದೆ ಕಣೇ. ಇನ್ನೊಂದು ಸಲ ತಡ್ಕೊಳ್ಳುತ್ತೋ ಇಲ್ವೋ..."

ಅಕ್ಕ ಅವರನ್ನು ಪಕ್ಕಕ್ಕೆ ಸರಿಸಿ, ತಾನೇ ಯಂತ್ರದ್ದೂ ರೆಕಾರ್ಡರಿನದೂ ಎರಡೂ ಗುಂಡಿ ಒತ್ತಿದಳು.

ಟೇಪಿನಲ್ಲಿ ಪಾತ್ರೆಗಳ ಸದ್ದು. ಅದರ ನಡುವೆ, ಆಗಷ್ಟೇ ಮದುವೆಯಾಗಿದ್ದ ಅಕ್ಕ: "ರೀ, ಎಷ್ಟೊತ್ತು ಆ ಮಿಷನ್ನೇ ನೋಡ್ತೀರಿ? ಸ್ವಲ್ಪ ಈ ಕಡೆನೂ ನೋಡ್ರೀ!"

ಮುಳ್ಳು ಒಮ್ಮೆ ಜೋರಾಗಿ ನಡುಗಿತು, ಟೇಪು ನಿಲ್ಲಲಿಲ್ಲ. ಅದನ್ನು ಕಂಡವಳು ನಾನೊಬ್ಬಳೇ. ಭಾವ ಅಕ್ಕನನ್ನೇ ನೋಡುತ್ತಿದ್ದರು.